ಹೆಣದ ಕಾರ್ಖಾನೆ: ಒಂದು ಸುಳ್ಳು ಸುದ್ದಿಯ ಚರಿತ್ರೆ

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಹಳ್ಳಿಯ ಪೆದ್ದರನ್ನು ಕಂಡು ಹುಟ್ಟಿದ ಗಾದೆ ಇದು ಎಂದು ನಾವು ತಿಳಿದಿದ್ದೇವೆ. ಆದರೆ ವಿಶ್ವವಿದ್ಯಾಲಯಗಳಿಗೂ ಪಾರ್ಲಿಮೆಂಟುಗಳಿಗೂ ಹೆಸರಾದ ಯುರೋಪಿನ ದೇಶಗಳೇ ಹಗ್ಗ ಹಿಡಿದು ಕರುವನ್ನು ಹುಡುಕಿಕೊಂಡು ಹೊರಟ ಪ್ರಸಂಗಗಳು ಚರಿತ್ರೆಯಲ್ಲಿವೆ. ಅವುಗಳಲ್ಲಿ ಒಂದನ್ನು ಈ ಸಂಚಿಕೆಯಲ್ಲಿ ಓದುಗರ ಮುಂದೆ ಇಡುತ್ತಿದ್ದೇನೆ. ವೃತ್ತಿಯಿಂದ ನಾನು ರಸಾಯನ ಶಾಸ್ತ್ರದವನು, ಚರಿತ್ರೆಕಾರನಲ್ಲ. ಆದರೂ ಈ ವಿಷಯಕ್ಕೆ ಕೈಹಾಕಲು ಕಾರಣವಿದೆ. ಕೊಬ್ಬು, ಗ್ಲಿಸರಿನ್, ಸಾಬೂನು, ಸಿಡಿಮದ್ದು ಇವೇ ಈ ಕಥೆಯ ಸಾಮಗ್ರಿ. ಕಥೆ ನಿಂತಿರುವುದು ಒಂದು ಜರ್ಮನ್ ಪದದ ತಪ್ಪು ಅರ್ಥದ ಮೇಲೆ. ಜರ್ಮನಿಯಲ್ಲಿ ನೆಲೆಸಿರುವ ನಮ್ಮ ಸಂಘದ ಕುಟುಂಬಗಳಿಗೆ ಈ ಎರಡೂ ಅಪರಿಚಿತವಲ್ಲ.

ಸುದ್ದಿ ಇಷ್ಟು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರು ರಣರಂಗದಲ್ಲಿ ಸತ್ತ ತಮ್ಮದೇ ಸೈನಿಕರ ಹೆಣಗಳನ್ನು ರೈಲಿನಲ್ಲಿ ತುಂಬಿ ಕಾರ್ಖಾನೆಗೆ ಸಾಗಿಸುತ್ತಾರೆ, ಅಲ್ಲಿ ಬೇಯಿಸಿ ಕೊಬ್ಬು ತೆಗೆಯುತ್ತಾರೆ, ಉಳಿದದ್ದನ್ನು ಪುಡಿ ಮಾಡಿ ಹಂದಿಗಳಿಗೆ ಹಾಕುತ್ತಾರೆ. 1917ರ ಏಪ್ರಿಲ್ ತಿಂಗಳಿನಲ್ಲಿ ಲಂಡನ್ನಿನ ಪತ್ರಿಕೆಗಳಲ್ಲಿ ಇದು ಪ್ರಕಟವಾಗಿ ಲೋಕವನ್ನೆಲ್ಲ ಸುತ್ತಿತು. ಇದು ಶುದ್ಧ ಸುಳ್ಳು. ಆದರೆ ಇದನ್ನು ಹೇಳಿದವರಾಗಲಿ ನಂಬಿದವರಾಗಲಿ ಇದರ ನಿಜವಾದ ಬೆಲೆಯನ್ನು ತೆರಲಿಲ್ಲ. ಇಪ್ಪತ್ತೈದು ವರ್ಷಗಳ ನಂತರ ಬೇರೆಯೇ ಜನ ತೆತ್ತರು. ಅದು ಹೇಗೆಂಬುದೇ ಈ ಲೇಖನದ ತಿರುಳು.

ತಂತಿ ಕಡಿದ ಯುರೋಪು

ಜರ್ಮನ್ ಚಿಂತಕ ಯೂರ್ಗೆನ್ ಹಾಬರ್‌ಮಾಸ್ 1962ರಲ್ಲಿ ಪ್ರಕಟಿಸಿದ ಒಂದು ಪ್ರಸಿದ್ಧ ಗ್ರಂಥದಲ್ಲಿ, ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಕಾಫಿ ಅಂಗಡಿಗಳು, ವಾಚನ ಮಂದಿರಗಳು ಮತ್ತು ವೃತ್ತಪತ್ರಿಕೆಗಳ ಸುತ್ತ ಒಂದು ಸಾರ್ವಜನಿಕ ವೇದಿಕೆ ಬೆಳೆಯಿತೆಂದು ವಿವರಿಸಿದರು. ನಮ್ಮ ಕಡೆಯ ಅರಳೀಕಟ್ಟೆಯಂತೆ, ಅರಮನೆಯ ಹೊರಗೆ ಕುಳಿತು ಅರಮನೆಯ ವಿಚಾರ ಮಾತಾಡುವ ಜಾಗ ಅದು. ಪತ್ರಿಕೋದ್ಯಮ ದೊಡ್ಡ ಬಂಡವಾಳದ ವ್ಯಾಪಾರವಾಗಿ ಬೆಳೆದಂತೆ ಆ ಕಟ್ಟೆಯ ಸ್ವರೂಪವೇ ಬದಲಾಯಿತೆಂಬುದು ಅವರ ವಾದ. 1914ರ ಹೊತ್ತಿಗೆ ಲಂಡನ್ನಿನಲ್ಲಿ ಗಣ್ಯರು ಓದುವ 'ಟೈಮ್ಸ್' ಮತ್ತು ಜನಸಾಮಾನ್ಯರು ಓದುವ 'ಡೈಲಿ ಮೇಲ್' ಎರಡೂ ಒಬ್ಬನೇ ಯಜಮಾನನ, ಅಂದರೆ ಲಾರ್ಡ್ ನಾರ್ತ್‌ಕ್ಲಿಫ್‌ನ, ಕೈಯಲ್ಲಿದ್ದವು.

ಯುದ್ಧ ಶುರುವಾದೊಡನೆ ಈ ವೇದಿಕೆ ಎರಡು ಹೋಳಾಯಿತು. 1914ರ ಆಗಸ್ಟ್ 5ರಂದು 'ಅಲರ್ಟ್' ಎಂಬ ಬ್ರಿಟಿಷ್ ಹಡಗು ಸಮುದ್ರದ ಅಡಿಯಲ್ಲಿ ಹಾಯ್ದಿದ್ದ ಜರ್ಮನಿಯ ತಂತಿಗಳನ್ನು ಎತ್ತಿ ಕಡಿಯಿತು. ಅಂದಿನಿಂದ ಅಮೆರಿಕಕ್ಕೆ ಹೋಗುವ ಯುರೋಪಿನ ಸುದ್ದಿ ಬಹುಮಟ್ಟಿಗೆ ಲಂಡನ್ನಿನ ಸೋಸಣಿಗೆಯನ್ನು ದಾಟಿಯೇ ಹೋಗಬೇಕಾಯಿತು. ಬರ್ಲಿನ್ನಿನ ಪತ್ರಿಕೆ ಲಂಡನ್ನಿಗೆ ಬರಬೇಕಾದರೆ ಹಾಲೆಂಡಿನಂಥ ತಟಸ್ಥ ದೇಶದ ಮೂಲಕ, ಕೆಲವು ದಿನ ತಡವಾಗಿ ಬರುತ್ತಿತ್ತು. ಒಂದು ಕಡೆಯ ಮಾತನ್ನು ಇನ್ನೊಂದು ಕಡೆಯವರು ನೇರವಾಗಿ ಕೇಳುವ ದಾರಿ ಮುಚ್ಚಿಹೋಯಿತು. ನಡುವೆ ನಿಂತು ಅನುವಾದಿಸಿ ಹೇಳುವವನ ಮಾತೇ ಮಾತು ಎನ್ನುವಂತಾಯಿತು. ಸುಳ್ಳು ಬೆಳೆಯುವುದಕ್ಕೆ ಇದಕ್ಕಿಂತ ಹದವಾದ ನೆಲ ಇನ್ನೊಂದಿಲ್ಲ.

ಕೊಬ್ಬಿನ ಬರಗಾಲ

ಹೆಣದ ಕಾರ್ಖಾನೆಯ ಮಾತನ್ನು ಜನ ನಂಬಿದ್ದೇಕೆ ಎಂದು ತಿಳಿಯಲು ಸ್ವಲ್ಪ ರಸಾಯನ ಶಾಸ್ತ್ರ ಬೇಕು. ಎಣ್ಣೆ ಅಥವಾ ಕೊಬ್ಬನ್ನು ಕ್ಷಾರದೊಡನೆ ಕಾಯಿಸಿದರೆ ಒಂದು ಕಡೆ ಸಾಬೂನು, ಇನ್ನೊಂದು ಕಡೆ ಗ್ಲಿಸರಿನ್ ದೊರೆಯುತ್ತದೆ. ಗ್ಲಿಸರಿನ್ ನಮ್ಮ ಮನೆಗಳಲ್ಲಿ ಚಳಿಗಾಲದಲ್ಲಿ ಒಡೆದ ತುಟಿಗೆ ಹಚ್ಚುವ ಅದೇ ದ್ರವ. ಅದನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳೊಡನೆ ಸೇರಿಸಿದರೆ ನೈಟ್ರೋಗ್ಲಿಸರಿನ್. ಅದನ್ನು ಗನ್‌ಕಾಟನ್ ಮತ್ತು ವ್ಯಾಸಲೀನಿನೊಡನೆ ಕಲಸಿದರೆ ಕಾರ್ಡೈಟ್, ಅಂದರೆ ಬಂದೂಕು ಫಿರಂಗಿಗಳ ಗುಂಡನ್ನು ಮುಂದಕ್ಕೆ ತಳ್ಳುವ ಮದ್ದು. ಊಟಿಯ ಪುಟ್ಟ ರೈಲಿನಲ್ಲಿ ಹೋದವರಿಗೆ ಕೂನೂರು ದಾಟಿದ ಮೇಲೆ ಬರುವ ಅರುವಂಕಾಡು ಸ್ಟೇಷನ್ನು ನೆನಪಿರಬಹುದು. ಅಲ್ಲಿಯ ಕಾರ್ಖಾನೆಯನ್ನು ಬ್ರಿಟಿಷರು ಕಟ್ಟಿದ್ದು ಈ ಕಾರ್ಡೈಟಿಗಾಗಿಯೇ.

ಹೀಗಾಗಿ ಯುದ್ಧ ಕಾಲದಲ್ಲಿ ಕೊಬ್ಬೆಂದರೆ ಊಟ, ಸಾಬೂನು, ಮದ್ದುಗುಂಡು ಮೂರೂ ಆಗಿತ್ತು. ಬ್ರಿಟಿಷ್ ನೌಕಾದಳದ ದಿಗ್ಬಂಧನದಿಂದ ಜರ್ಮನಿಗೆ ಹೊರಗಿನ ಎಣ್ಣೆ ಕೊಬ್ಬು ಬರುವುದು ಬಹುತೇಕ ನಿಂತುಹೋಯಿತು. 1916-17ರ ಚಳಿಗಾಲದಲ್ಲಿ ಆಲೂಗಡ್ಡೆಯೂ ಸಿಕ್ಕದೆ ಜನ ದನಗಳಿಗೆ ಹಾಕುವ ಟರ್ನಿಪ್ ಜಾತಿಯ ಗಡ್ಡೆಯನ್ನು ತಿಂದರು. ಬ್ರಿಟನ್ನಿನಲ್ಲೂ ಸೈನ್ಯದ ಶಿಬಿರಗಳ ಅಡಿಗೆಮನೆಯ ಜಿಡ್ಡು ಮೂಳೆಗಳನ್ನು ಕೂಡಿಸಿ ಗ್ಲಿಸರಿನ್ ತೆಗೆಯುವ ಏರ್ಪಾಡು ನಡೆದಿತ್ತು. ಇಷ್ಟೆಲ್ಲ ಕಂಡವರಿಗೆ, ಶತ್ರು ಇನ್ನೊಂದು ಹೆಜ್ಜೆ ಮುಂದೆ ಹೋಗಿರಬಹುದೆಂದು ಅನಿಸಿದರೆ ಆಶ್ಚರ್ಯವಿಲ್ಲ.

ವದಂತಿ 1915ರಲ್ಲೇ ಇತ್ತು. ಆಗಿನ ಬ್ರಿಟಿಷ್ ಪ್ರಧಾನಿ ಆಸ್ಕ್ವಿತ್‌ರ ಸೊಸೆ ಲೇಡಿ ಸಿಂಥಿಯಾ ಆಸ್ಕ್ವಿತ್ 1915ರ ಜೂನ್ 16ರ ತಮ್ಮ ದಿನಚರಿಯಲ್ಲಿ, ಜರ್ಮನರು ಹೆಣಗಳಿಂದ ಗ್ಲಿಸರಿನ್ ಮತ್ತು ಸಾಬೂನು ಮಾಡುತ್ತಾರಂತೆ ಎಂಬ ಗಾಳಿಮಾತನ್ನು ಮನೆಯಲ್ಲಿ ಚರ್ಚಿಸಿದ್ದನ್ನು ಬರೆದಿದ್ದಾರೆ. 1916ರಲ್ಲಿ ಡಚ್ ವ್ಯಂಗ್ಯಚಿತ್ರಕಾರ ಲೂಯಿ ರೇಮೇಕರ್ಸ್‌ನ ಚಿತ್ರಗಳ ಪುಸ್ತಕವೊಂದು ಲಂಡನ್ನಿನಲ್ಲಿ ಹೊರಬಂತು. ಅದರಲ್ಲಿ ಒಂದು ಚಿತ್ರಕ್ಕೆ ಟಿಪ್ಪಣಿ ಬರೆದ ಹೊರೇಸ್ ವೇಚೆಲ್ ಎಂಬ ಕಾದಂಬರಿಕಾರ, ಹೆಸರಾಂತ ರಸಾಯನ ಶಾಸ್ತ್ರಜ್ಞನೊಬ್ಬ ತನಗೆ ಹೇಳಿದನೆಂದು, ಚೆನ್ನಾಗಿ ಉಂಡ ಜರ್ಮನನ ಹೆಣದಿಂದ ಆರು ಪೌಂಡು ಗ್ಲಿಸರಿನ್ ತೆಗೆಯಬಹುದೆಂದೂ, ಹತ್ತು ಲಕ್ಷ ಹೆಣಗಳಿಗೆ ಅರವತ್ತು ಲಕ್ಷ ಪೌಂಡಾಗುತ್ತದೆಂದೂ ಲೆಕ್ಕ ಕೊಟ್ಟ.

ಆ ಹೆಸರಾಂತ ಶಾಸ್ತ್ರಜ್ಞ ಯಾರೋ, ಆತನ ಲೆಕ್ಕವನ್ನು ನಾವೇ ಕಾಗದದ ಮೇಲೆ ಪರೀಕ್ಷಿಸೋಣ. ಕೊಬ್ಬಿನಲ್ಲಿ ಗ್ಲಿಸರಿನ್ನಿನ ಪಾಲು ತೂಕದಲ್ಲಿ ಹತ್ತರಲ್ಲಿ ಒಂದು. ಆರು ಪೌಂಡು ಗ್ಲಿಸರಿನ್ ಬರಬೇಕಾದರೆ ಅರವತ್ತು ಪೌಂಡು, ಎಂದರೆ 27 ಕಿಲೋ ಕೊಬ್ಬು ಬೇಕು. ಕಂದಕದಲ್ಲಿ ಅರೆಹೊಟ್ಟೆ ಉಂಡು ನಿಂತ ಅರವತ್ತು ಕಿಲೋ ತೂಕದ ಯುವಕನ ಮೈಯಲ್ಲಿ ಒಟ್ಟು ಕೊಬ್ಬು ಎಂಟು ಒಂಬತ್ತು ಕಿಲೋ ಇದ್ದರೆ ಹೆಚ್ಚು. ಒಂದು ಚೂರೂ ವ್ಯರ್ಥವಾಗದೆ ಎಲ್ಲವನ್ನೂ ತೆಗೆದರೂ ಸಿಗುವುದು ಒಂದು ಕಿಲೋಗಿಂತ ಕಡಿಮೆ ಗ್ಲಿಸರಿನ್. ಕಾಲೇಜಿನ ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕ ಇದು. ಆದರೆ ಅಂಕಿ ಕಂಡಾಗ ಅದನ್ನು ಕೂಡಿ ಕಳೆದು ನೋಡುವವರು ಕಡಿಮೆ. ಅಂಕಿ ಇದೆಯಲ್ಲ, ಆದ್ದರಿಂದ ನಿಜವಿರಬೇಕು ಎನ್ನುವವರೇ ಹೆಚ್ಚು.

ಒಂದು ಪದ, ನಾಲ್ಕು ಕೈ

ಈಗ 1917ಕ್ಕೆ ಬರೋಣ. ಏಪ್ರಿಲ್ 10ರ 'ಬರ್ಲಿನರ್ ಲೋಕಾಲ್ ಆನ್‌ತ್ಸೈಗರ್' ಪತ್ರಿಕೆಯಲ್ಲಿ ಕಾರ್ಲ್ ರೋಸ್ನರ್ ಎಂಬ ಯುದ್ಧ ವರದಿಗಾರ ಫ್ರಾನ್ಸಿನ ರಣರಂಗದಿಂದ ಒಂದು ಲೇಖನ ಕಳಿಸಿದ್ದ. ದಾರಿಯಲ್ಲಿ ಸುಣ್ಣ ಸುಟ್ಟಂಥ ಮಂದ ವಾಸನೆ ಬಂತು, ಅದು ಸೈನ್ಯದ 'ಕಡಾವರ್-ಫೆರ್‌ವೆರ್ಟುಂಗ್ಸ್-ಆನ್‌ಸ್ಟಾಲ್ಟ್', ಅಲ್ಲಿ ಸಿಗುವ ಕೊಬ್ಬಿನಿಂದ ಯಂತ್ರದ ಎಣ್ಣೆ ಮಾಡುತ್ತಾರೆ, ಮೂಳೆ ಮುಂತಾದುದನ್ನು ಅರೆದು ಹಂದಿಯ ಮೇವಿಗೂ ಗೊಬ್ಬರಕ್ಕೂ ಬಳಸುತ್ತಾರೆ ಎಂದು ಕೆಲವೇ ಸಾಲುಗಳಲ್ಲಿ ಬರೆದಿದ್ದ.

ನಮ್ಮ ಮಕ್ಕಳನ್ನು ಕೇಳಿದರೂ ಹೇಳಿಯಾರು: ಜರ್ಮನ್ ಭಾಷೆಯಲ್ಲಿ 'ಕಡಾವರ್' ಎಂದರೆ ಸಾಮಾನ್ಯವಾಗಿ ಸತ್ತ ಪ್ರಾಣಿಯ ದೇಹ. ಮನುಷ್ಯನಿಗಾದರೆ 'ಲೈಷೆ' ಅಥವಾ 'ಲೈಷ್‌ನಾಮ್' ಎನ್ನುತ್ತಾರೆ. ಕನ್ನಡದಲ್ಲಿ ದನ ಸತ್ತಿತು ಎನ್ನುತ್ತೇವೆ, ಮನೆಯ ಹಿರಿಯರು ತೀರಿಕೊಂಡರು ಎನ್ನುತ್ತೇವೆ, ಹಾಗೆಯೇ ಇದು. ಆ ಯುದ್ಧದಲ್ಲಿ ಗಾಡಿ ಫಿರಂಗಿಗಳನ್ನು ಎಳೆದು ಲಕ್ಷಗಟ್ಟಲೆ ಕುದುರೆಗಳು ಸತ್ತವು. ರೋಸ್ನರ್ ಕಂಡದ್ದು ಅವುಗಳ ವಿಲೇವಾರಿಯ ಕಾರ್ಖಾನೆ. ಆದರೆ ಇಂಗ್ಲಿಷಿನಲ್ಲಿ ಅದೇ ಕಾಗುಣಿತಕ್ಕೆ ಹತ್ತಿರವಾದ 'ಕಡಾವರ್' ಎಂಬ ಪದವಿದೆ. ಅದು ಮೆಡಿಕಲ್ ಕಾಲೇಜಿನಲ್ಲಿ ಕೊಯ್ಯುವ ಮನುಷ್ಯನ ಹೆಣಕ್ಕೆ ಬಳಕೆಯಾಗುವ ಮಾತು. ಎರಡೂ ಲ್ಯಾಟಿನ್ ತಾಯಿಯ ಮಕ್ಕಳು. ಅರ್ಥ ಮಾತ್ರ ಬೇರೆ ಬೇರೆ.

ಅದೇ ಏಪ್ರಿಲ್ 10ರಂದು ಲಂಡನ್ನಿನಲ್ಲಿ ಅಚ್ಚಾಗುತ್ತಿದ್ದ 'ಲ್ಯಾಂಡಿಪಾಂಡಾನ್ಸ್ ಬೆಲ್ಜ್' ಎಂಬ ಬೆಲ್ಜಿಯನ್ ನಿರಾಶ್ರಿತರ ಪತ್ರಿಕೆ ಇನ್ನೊಂದು ಕಥೆ ಪ್ರಕಟಿಸಿತು. ಅದಕ್ಕೆ ಆಧಾರ ಹಾಲೆಂಡಿನ ಲೈಡನ್ನಿನಿಂದ ಹೊರಡುತ್ತಿದ್ದ 'ಲಾ ಬೆಲ್ಜಿಕ್' ಎಂಬ ಮತ್ತೊಂದು ಬೆಲ್ಜಿಯನ್ ಪತ್ರಿಕೆ. ಇದರಲ್ಲಿ ಕಾಡಿನ ನಡುವೆ ಅಡಗಿದ ಕಾರ್ಖಾನೆ, ಸುತ್ತ ವಿದ್ಯುತ್ ಹರಿಸಿದ ಬೇಲಿ, ತಂತಿಯಿಂದ ಕಂತೆ ಕಟ್ಟಿದ ಬೆತ್ತಲೆ ಹೆಣಗಳು, ಅವುಗಳನ್ನು ಕೊಕ್ಕೆಯಿಂದ ಎಳೆದು ಕಡಾಯಿಗೆ ಹಾಕುವ ಕೆಲಸಗಾರರು, ಹೀಗೆ ಎಲ್ಲ ವಿವರಗಳೂ ಇದ್ದವು. ಹೆಣಗಳು ಸೈನಿಕರವು ಎಂದು ಸ್ಪಷ್ಟವಾಗಿ ಹೇಳಿತ್ತು. ಕಣ್ಣಾರೆ ಕಂಡವರ ಹೆಸರು ಮಾತ್ರ ಇರಲಿಲ್ಲ.

ಏಪ್ರಿಲ್ 16ರ 'ಟೈಮ್ಸ್' ರೋಸ್ನರನ ಸಾಲುಗಳನ್ನು ಒಂದು ಮೂಲೆಯಲ್ಲಿ ಅನುವಾದಿಸಿ ಹಾಕಿತು. ಮರುದಿನ 17ರಂದು 'ಟೈಮ್ಸ್' ಮತ್ತು 'ಡೈಲಿ ಮೇಲ್' ಎರಡೂ ಬೆಲ್ಜಿಯನ್ ಕಥೆಯನ್ನು ಎದ್ದು ಕಾಣುವಂತೆ ಪ್ರಕಟಿಸಿದವು. ಎರಡನ್ನೂ ಪಕ್ಕಪಕ್ಕದಲ್ಲಿ ಓದಿದವನಿಗೆ ಅನುಮಾನವೇ ಉಳಿಯಲಿಲ್ಲ. ಬೆಲ್ಜಿಯನ್ ಕಥೆಗೆ ಸಾಕ್ಷಿ ಜರ್ಮನ್ ಪತ್ರಿಕೆ. ಜರ್ಮನ್ ಪತ್ರಿಕೆಯ ಪದಕ್ಕೆ ಅರ್ಥ ಬೆಲ್ಜಿಯನ್ ಕಥೆ. ಎರಡು ಬಿದ್ದ ಗೋಡೆಗಳು ಒಂದಕ್ಕೊಂದು ಆತು ನಿಂತಂತೆ. ಸುದ್ದಿ ನಾಲ್ಕು ಕೈ ದಾಟಿ ಬಂದಿತ್ತು. ಪ್ರತಿಯೊಬ್ಬನೂ ಹಿಂದಿನವನ ಹೆಸರು ಹೇಳಿದ, ಹೋಗಿ ನೋಡಿದವನು ಒಬ್ಬನೂ ಇಲ್ಲ.

'ಕಡಾವರ್' ಪದದ ಅನುವಾದ ಸರಿಯಲ್ಲವೆಂದು ಜರ್ಮನ್ ಬಲ್ಲ ಓದುಗರು 'ಟೈಮ್ಸ್'ಗೆ ಪತ್ರ ಬರೆಯದೆ ಇರಲಿಲ್ಲ. ಅದಕ್ಕೆ ಪತ್ರಿಕೆ ಕೊಟ್ಟ ಸಮಾಧಾನ ವಿಚಿತ್ರವಾಗಿದೆ: ಆ ಪದವನ್ನು ಪ್ರಾಣಿಗಳ ದೇಹಕ್ಕೂ ಬಳಸುವುದುಂಟು ಎಂದು ಪಂಡಿತರು ಒಪ್ಪಿದ್ದಾರಂತೆ! 'ಪ್ರಾಣಿಗಳಿಗೂ' ಎನ್ನುವ ಆ ಒಂದು ಊ-ಕಾರದಲ್ಲಿ ಇಡೀ ಸುಳ್ಳು ಅಡಗಿ ಕುಳಿತಿದೆ. ಅಟ್ಲಾಂಟಿಕ್ ಆಚೆಯ 'ನ್ಯೂಯಾರ್ಕ್ ಟೈಮ್ಸ್' ಮಾತ್ರ ಏಪ್ರಿಲ್ 20ರಂದೇ ಸಂಶಯ ತೋರಿಸಿ, ಮನುಷ್ಯನ ಹೆಣಕ್ಕೆ ಜರ್ಮನರು ಬಳಸುವ ಪದ ಬೇರೆ ಎಂದು ಎತ್ತಿ ಹೇಳಿತ್ತು. ಏಪ್ರಿಲ್ 25ರ 'ಪಂಚ್' ವಾರಪತ್ರಿಕೆ ಕೈಸರನು ಹೊಸ ಸೈನಿಕನಿಗೆ ಆ ಕಾರ್ಖಾನೆಯನ್ನು ತೋರಿಸುತ್ತಿರುವ ವ್ಯಂಗ್ಯಚಿತ್ರ ಹಾಕಿತು. ಪತ್ರ ಓದಿದವರು ಕೆಲವರು, ಚಿತ್ರ ನೋಡಿದವರು ಎಲ್ಲರೂ.

ಪಾರ್ಲಿಮೆಂಟಿನಲ್ಲಿ ಇಂಡಿಯಾದ ಹೆಸರು

1917ರ ಏಪ್ರಿಲ್ 30ರಂದು ಈ ವಿಷಯ ಬ್ರಿಟಿಷ್ ಪಾರ್ಲಿಮೆಂಟಿಗೆ ಬಂತು. ಇಲ್ಲಿ ನಮ್ಮ ದೇಶದ ಹೆಸರೂ ಬರುತ್ತದೆ. ರೊನಾಲ್ಡ್ ಮೆಕ್‌ನೀಲ್ ಎಂಬ ಸದಸ್ಯ, ಜರ್ಮನರು ಹೆಣಗಳನ್ನು ಹಂದಿಗಳಿಗೆ ಆಹಾರವಾಗಿ ಹಾಕುತ್ತಾರೆಂಬುದನ್ನು ಈಜಿಪ್ಟ್, ಇಂಡಿಯಾ ಮತ್ತು ಪೂರ್ವ ದೇಶಗಳಲ್ಲೆಲ್ಲ ಆದಷ್ಟು ವಿಸ್ತಾರವಾಗಿ ಪ್ರಚಾರ ಮಾಡಲು ಸರ್ಕಾರ ಕ್ರಮ ಕೈಗೊಳ್ಳುವುದೇ ಎಂದು ಕೇಳಿದ. ಈ ಪ್ರಶ್ನೆಯ ಜಾಣತನವನ್ನು ವಿವರಿಸಬೇಕಾಗಿಲ್ಲ. ಮುಸಲ್ಮಾನನಿಗೆ ಹಂದಿ ನಿಷಿದ್ಧ, ಹಿಂದೂವಿಗೆ ಶವಸಂಸ್ಕಾರ ಪವಿತ್ರ. 1857ರಲ್ಲಿ ತೋಟೆಗೆ ಸವರಿದ ದನದ ಮತ್ತು ಹಂದಿಯ ಕೊಬ್ಬಿನ ಮಾತೊಂದು ಸಿಪಾಯಿಗಳಲ್ಲಿ ಎಂಥ ಕಿಚ್ಚು ಹಚ್ಚಿತೆಂಬುದನ್ನು ಬ್ರಿಟಿಷರು ಮರೆತಿರಲಿಲ್ಲ. ಅಂದು ತಮ್ಮ ಮೇಲೆ ಬಿದ್ದ ಕೊಬ್ಬಿನ ಕಿಡಿಯನ್ನು ಈಗ ಶತ್ರುವಿನ ಮೇಲೆ ಎಸೆಯುವ ಆಲೋಚನೆ. ಆ ವರ್ಷಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಸವಾರರು ಈಜಿಪ್ಟ್-ಪ್ಯಾಲೆಸ್ತೀನ್ ರಂಗದಲ್ಲಿದ್ದರು. ಮೆಕ್‌ನೀಲನ ಪ್ರಶ್ನೆ ಅಂಥ ಸೈನಿಕರ ಕಿವಿಗಳನ್ನೂ ಉದ್ದೇಶಿಸಿದ್ದಾಗಿತ್ತು.

ಸರ್ಕಾರದ ಪರವಾಗಿ ಲಾರ್ಡ್ ರಾಬರ್ಟ್ ಸೆಸಿಲ್ ಕೊಟ್ಟ ಉತ್ತರವನ್ನು ರಾಜಕೀಯ ಪ್ರಚಾರ ಕಲೆಯ ಪಾಠವೆಂದು ಓದಬಹುದು. ಪತ್ರಿಕೆಗಳಲ್ಲಿ ಬಂದದ್ದನ್ನು ಬಿಟ್ಟು ಸರ್ಕಾರಕ್ಕೆ ಬೇರೆ ಮಾಹಿತಿ ಇಲ್ಲ. ಆದರೆ ಜರ್ಮನ್ ಸೈನ್ಯದ ಇತರ ಕೃತ್ಯಗಳನ್ನು ನೋಡಿದರೆ ಈ ಆರೋಪದಲ್ಲಿ ನಂಬಲಾಗದ್ದೇನೂ ಇಲ್ಲ ಎಂದು ಆತ ಹೇಳಿದ. ಸರ್ಕಾರ ಸುಳ್ಳು ಹೇಳಲಿಲ್ಲ, ಸುಳ್ಳನ್ನು ತಡೆಯಲೂ ಇಲ್ಲ, ಬಾಗಿಲು ತೆರೆದಿಟ್ಟು ಪಕ್ಕಕ್ಕೆ ಸರಿಯಿತು. ಔತ್‌ವೇಟ್ ಎಂಬ ಇನ್ನೊಬ್ಬ ಸದಸ್ಯ, ಮಕ್ಕಳನ್ನು ರಣರಂಗದಲ್ಲಿ ಕಳೆದುಕೊಂಡ ಬ್ರಿಟಿಷ್ ತಂದೆತಾಯಿಗಳು ಈ ವರದಿ ಓದಿ ಪಡುವ ಸಂಕಟ ಸರ್ಕಾರಕ್ಕೆ ಗೊತ್ತಿದೆಯೇ ಎಂದು ಕೇಳಿದ. ತಮ್ಮ ಮಗನ ದೇಹ ಸಿಕ್ಕದ ಸಾವಿರಾರು ಮನೆಗಳಿದ್ದವು. ಆ ದಿನದ ಚರ್ಚೆಯಲ್ಲಿ ಮನುಷ್ಯತ್ವದ ಮಾತೆಂದರೆ ಅದೊಂದೇ ಎನ್ನಬೇಕು.

ಜರ್ಮನಿ ಸುದ್ದಿಯನ್ನು ಅಲ್ಲಗಳೆಯಿತು. ಆದರೆ ತಟಸ್ಥ ಬೆಲ್ಜಿಯಂ ಮೇಲೆ ನುಗ್ಗಿದ ದೇಶದ ಮಾತನ್ನು ಕೇಳುವವರು ಯಾರು?

ನಿಜ ಸಂಗತಿ

ಹಾಗಾದರೆ ಜರ್ಮನಿಗೆ ಗ್ಲಿಸರಿನ್ ಎಲ್ಲಿಂದ ಬಂತು? ಸುಳ್ಳಿಗಿಂತ ನಿಜವೇ ಹೆಚ್ಚು ಸ್ವಾರಸ್ಯವಾಗಿದೆ. ಸಕ್ಕರೆಯ ನೀರಿಗೆ ಯೀಸ್ಟ್ ಹಾಕಿ ಹುಳಿ ಬರಿಸಿದರೆ ಆಲ್ಕೋಹಾಲ್ ಆಗುತ್ತದೆಂದು ಎಲ್ಲರಿಗೂ ಗೊತ್ತು. ಆಲ್ಕೋಹಾಲ್ ಆಗುವುದಕ್ಕೆ ಮುಂಚಿನ ಹಂತದಲ್ಲಿ ಅಸೆಟಾಲ್ಡಿಹೈಡ್ ಎಂಬ ವಸ್ತು ಹುಟ್ಟುತ್ತದೆ. ಯೀಸ್ಟ್ ತನ್ನಲ್ಲಿ ಉಳಿದ ಹೈಡ್ರೋಜನ್ನನ್ನು ಅದಕ್ಕೆ ದಾಟಿಸಿ ಆಲ್ಕೋಹಾಲ್ ಮಾಡುತ್ತದೆ. ಜರ್ಮನಿಯ ಕಾನ್‌ಸ್ಟೈನ್ ಮತ್ತು ಲ್ಯೂಡೆಕೆ ಎಂಬ ಇಬ್ಬರು ರಸಾಯನಜ್ಞರು ಈ ಹಂಡೆಗೆ ಸೋಡಿಯಂ ಸಲ್ಫೈಟ್ ಸೇರಿಸಿದರು. ಸಲ್ಫೈಟ್ ಆ ಅಸೆಟಾಲ್ಡಿಹೈಡನ್ನು ಹಿಡಿದು ಕಟ್ಟಿಹಾಕುತ್ತದೆ. ಹೈಡ್ರೋಜನ್ನನ್ನು ಇಳಿಸಲು ಯೀಸ್ಟಿಗೆ ಬೇರೆ ದಾರಿ ಬೇಕಾಗಿ, ಸಕ್ಕರೆಯ ಇನ್ನೊಂದು ತುಂಡಿಗೆ ಅದನ್ನು ದಾಟಿಸುತ್ತದೆ. ಹುಟ್ಟುವುದು ಗ್ಲಿಸರಿನ್. ಕೊಬ್ಬಿನ ಹಂಗೇ ಇಲ್ಲದೆ, ಬೀಟ್ ಸಕ್ಕರೆಯಿಂದ, ತಿಂಗಳಿಗೆ ಸುಮಾರು 1000 ಟನ್ ಗ್ಲಿಸರಿನ್ ತಯಾರಾಯಿತು.

1000 ಟನ್ ಎಂದರೆ ಹತ್ತು ಲಕ್ಷ ಕಿಲೋ. ಹೆಣಕ್ಕೆ ಒಂದು ಕಿಲೋ ಎಂದು ಧಾರಾಳವಾಗಿ ಲೆಕ್ಕ ಹಾಕಿದರೂ, ಅಷ್ಟು ಗ್ಲಿಸರಿನ್ನಿಗೆ ತಿಂಗಳಿಗೆ ಹತ್ತು ಲಕ್ಷ ಹೆಣ ಬೇಕಾಗುತ್ತಿತ್ತು. ನಾಲ್ಕು ವರ್ಷ ಮೀರಿದ ಇಡೀ ಯುದ್ಧದಲ್ಲಿ ಸತ್ತ ಜರ್ಮನ್ ಸೈನಿಕರೇ ಸುಮಾರು ಇಪ್ಪತ್ತು ಲಕ್ಷ. ನೀತಿಯ ಮಾತು ಹಾಗಿರಲಿ, ಕೇವಲ ಲಾಭ ನಷ್ಟದ ಲೆಕ್ಕದಲ್ಲೂ ಹೆಣದ ಕಾರ್ಖಾನೆ ಅಸಂಬದ್ಧ.

ತಪ್ಪೊಪ್ಪಿಗೆ

ಯುದ್ಧ ಮುಗಿದು ಏಳು ವರ್ಷಗಳಾದವು. 1925ರ ಅಕ್ಟೋಬರ್ 19ರ ಸಂಜೆ ನ್ಯೂಯಾರ್ಕಿನ ನ್ಯಾಷನಲ್ ಆರ್ಟ್ಸ್ ಕ್ಲಬ್ಬಿನಲ್ಲಿ ಬ್ರಿಗೇಡಿಯರ್ ಜನರಲ್ ಜಾನ್ ಚಾರ್ಟರಿಸ್ ಭಾಷಣ ಮಾಡಿದರು. ಯುದ್ಧ ಕಾಲದಲ್ಲಿ ಫ್ರಾನ್ಸಿನಲ್ಲಿದ್ದ ಬ್ರಿಟಿಷ್ ಸೈನ್ಯದ ಗುಪ್ತಚರ ವಿಭಾಗಕ್ಕೆ ಇವರು ಮುಖ್ಯಸ್ಥರಾಗಿದ್ದವರು. ಮರುದಿನದ 'ನ್ಯೂಯಾರ್ಕ್ ಟೈಮ್ಸ್' ವರದಿಯ ಪ್ರಕಾರ, ಈ ಕಥೆ ತಮ್ಮದೇ ಸೃಷ್ಟಿ ಎಂದು ಅವರು ಹೇಳಿಕೊಂಡರು. ಒಂದು ಚಿತ್ರದಲ್ಲಿ ಸತ್ತ ಸೈನಿಕರನ್ನು ಅಂತ್ಯಕ್ರಿಯೆಗೆ ಒಯ್ಯುವ ರೈಲು, ಇನ್ನೊಂದರಲ್ಲಿ ಸತ್ತ ಕುದುರೆಗಳನ್ನು ಕಾರ್ಖಾನೆಗೆ ಒಯ್ಯುವ ರೈಲು. ಎರಡರ ಅಡಿಬರಹವನ್ನು ಅದಲು ಬದಲು ಮಾಡಿ ಚೀನಾಕ್ಕೆ ಕಳಿಸಿದೆವು, ಪಿತೃಗಳನ್ನು ಪೂಜಿಸುವ ಚೀನೀಯರು ಜರ್ಮನರ ಮೇಲೆ ತಿರುಗಿಬೀಳಲಿ ಎಂದು. ಊರಿಗೆ ಹಿಂದಿರುಗಿದ ಮೇಲೆ ಚಾರ್ಟರಿಸ್ ತಾವು ಹಾಗೆ ಹೇಳಿಯೇ ಇಲ್ಲವೆಂದರು. ಶಾಂಘೈನ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ 1917ರ ಫೆಬ್ರವರಿಯಲ್ಲೇ ಇಂಥ ಮಾತು ಅಚ್ಚಾಗಿದ್ದುದು ನಿಜ. ಆದರೆ ವದಂತಿ ಅದಕ್ಕೂ ಎರಡು ವರ್ಷ ಹಳೆಯದೆಂಬುದನ್ನು ಆಗಲೇ ನೋಡಿದೆವು. ಒಬ್ಬನೇ ಬುದ್ಧಿವಂತ ಕುಳಿತು ಹೆಣೆದ ಸಂಚು ಇದಲ್ಲ. ಗಾಳಿಮಾತು, ತಪ್ಪು ಅನುವಾದ, ನಂಬುವ ಆತುರ ಮತ್ತು ಸರ್ಕಾರದ ಮೌನ, ಇವು ಕೂಡಿ ಆದದ್ದು. ಸಂಚಿಲ್ಲದೆಯೂ ಸುಳ್ಳು ಹುಟ್ಟಬಲ್ಲದು ಎನ್ನುವುದು ಇನ್ನೂ ಹೆಚ್ಚು ಯೋಚಿಸಬೇಕಾದ ಸಂಗತಿ.

ಅದು ಲೊಕಾರ್ನೋ ಒಪ್ಪಂದದ ಸಮಯ. ಜರ್ಮನಿಯೊಡನೆ ಸ್ನೇಹದ ಕಾಗದಕ್ಕೆ 1925ರ ಡಿಸೆಂಬರ್ 1ರಂದು ಲಂಡನ್ನಿನಲ್ಲಿ ರುಜು ಬಿದ್ದಿತು. ಮರುದಿನವೇ ವಿದೇಶಾಂಗ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಈ ಕಥೆಗೆ ಯಾವ ಆಧಾರವೂ ಇರಲಿಲ್ಲವೆಂಬ ಜರ್ಮನ್ ಛಾನ್ಸಲರರ ಹೇಳಿಕೆಯನ್ನು ಬ್ರಿಟಿಷ್ ಸರ್ಕಾರ ಒಪ್ಪುತ್ತದೆಂದೂ, ಈ ಸುಳ್ಳು ವರದಿ ಮತ್ತೆ ತಲೆಯೆತ್ತಲಾರದೆಂದು ನಂಬಿರುವುದಾಗಿಯೂ ಹೇಳಿದರು.

ತೋಳ ನಿಜವಾಗಿ ಬಂದಾಗ

ಸುಳ್ಳು ಬಯಲಾಯಿತು, ಸತ್ಯ ಗೆದ್ದಿತು ಎಂದು ಇಲ್ಲಿಗೆ ಮುಗಿಸಬಹುದಾಗಿದ್ದರೆ ಚೆನ್ನಾಗಿತ್ತು. ಆದದ್ದು ಬೇರೆ. 1928ರಲ್ಲಿ ಆರ್ಥರ್ ಪಾನ್ಸನ್‌ಬಿ ಎಂಬ ಬ್ರಿಟಿಷ್ ಪಾರ್ಲಿಮೆಂಟ್ ಸದಸ್ಯ ಯುದ್ಧ ಕಾಲದ ಸುಳ್ಳುಗಳನ್ನು ಕೂಡಿಸಿ ಪುಸ್ತಕ ಬರೆದರು. ಅದು ಬಹಳ ಜನಪ್ರಿಯವಾಯಿತು. ಹೆಣದ ಕಾರ್ಖಾನೆ ಅದರಲ್ಲಿ ಒಂದು ಅಧ್ಯಾಯ. ಯುದ್ಧದಲ್ಲಿ ಕೇಳಿದ ಕ್ರೌರ್ಯದ ಕಥೆಗಳೆಲ್ಲ ಕಟ್ಟುಕಥೆಗಳೆಂಬ ಭಾವನೆ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಬೇರೂರಿತು. ಆದರೆ ಎಲ್ಲವೂ ಕಟ್ಟುಕಥೆಯಾಗಿರಲಿಲ್ಲ. 1914ರಲ್ಲಿ ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನಲ್ಲಿ ಜರ್ಮನ್ ಸೈನ್ಯ ಸುಮಾರು 6500 ನಾಗರಿಕರನ್ನು ಕೊಂದದ್ದು ನಿಜ. ಲೂವೆನ್ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಸುಟ್ಟದ್ದು ನಿಜ. ಸುಳ್ಳು ಕೊಚ್ಚಿಹೋಗುವಾಗ ಈ ನಿಜವನ್ನೂ ತನ್ನ ಜೊತೆಗೆ ಎಳೆದುಕೊಂಡು ಹೋಯಿತು.

ಇತ್ತ ಹಿಟ್ಲರ್ ತನ್ನ ಆತ್ಮಕಥೆಯಲ್ಲಿ ಬ್ರಿಟಿಷರ ಯುದ್ಧ ಪ್ರಚಾರವನ್ನು ಮೆಚ್ಚಿ ಬರೆದು, ಅದರಿಂದ ಪಾಠ ಕಲಿಯಬೇಕೆಂದ. ಬ್ರಿಟಿಷ್ ಅಧಿಕಾರಿಗಳು ಕಲಿತ ಪಾಠ ಇನ್ನೊಂದು: ಇನ್ನು ಮುಂದೆ ಕ್ರೌರ್ಯದ ಸುದ್ದಿಯನ್ನು ಸುಲಭವಾಗಿ ನಂಬಬಾರದು.

ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಯಹೂದ್ಯರ ಸಾಮೂಹಿಕ ಕೊಲೆ ಆರಂಭಿಸಿದಾಗ ಸುದ್ದಿ ಬರದೆ ಇರಲಿಲ್ಲ. 1942ರ ಜೂನ್ 25ರ 'ಡೈಲಿ ಟೆಲಿಗ್ರಾಫ್' ಪೋಲೆಂಡಿನಲ್ಲಿ ಏಳು ಲಕ್ಷ ಯಹೂದ್ಯರ ಕೊಲೆಯಾಗಿದೆಯೆಂದು ಬರೆಯಿತು. ಆದರೆ ಐದನೆಯ ಪುಟದಲ್ಲಿ. ಆಗಸ್ಟ್ 8ರಂದು ಜಿನೀವಾದಿಂದ ಗೆರ್ಹಾರ್ಟ್ ರೀಗ್ನರ್ ಎಂಬಾತ ಅಮೆರಿಕ ಮತ್ತು ಬ್ರಿಟನ್ನಿನ ಕಾನ್ಸುಲೇಟ್ ಕಚೇರಿಗಳ ಮೂಲಕ ತಂತಿ ಕಳಿಸಿ, ಯುರೋಪಿನ ಯಹೂದ್ಯರನ್ನು ನಿರ್ನಾಮ ಮಾಡುವ ಯೋಜನೆಯಿದೆಯೆಂದೂ, ಅದಕ್ಕೆ ಪ್ರಸ್ಸಿಕ್ ಆಮ್ಲದ ಮಾತು ಕೇಳಿಬರುತ್ತಿದೆಯೆಂದೂ ತಿಳಿಸಿದ. ಪ್ರಸ್ಸಿಕ್ ಆಮ್ಲವೆಂದರೆ ಹೈಡ್ರೋಜನ್ ಸಯನೈಡ್. ಆಶ್ವಿತ್ಸ್‌ನಲ್ಲಿ ಬಳಸಿದ ವಿಷ ಅದೇ. ರಸಾಯನ ಶಾಸ್ತ್ರ ಈ ಸಲ ಸರಿಯಾಗಿತ್ತು. ಅಮೆರಿಕದ ವಿದೇಶಾಂಗ ಇಲಾಖೆ ಆಧಾರವಿಲ್ಲದ ಮಾತೆಂದು ತಂತಿಯನ್ನು ಮುಂದಕ್ಕೆ ತಲುಪಿಸಲಿಲ್ಲ. ನಿಜವೆಂದು ಒಪ್ಪಿ ಮಿತ್ರ ರಾಷ್ಟ್ರಗಳು ಜಂಟಿ ಹೇಳಿಕೆ ಕೊಟ್ಟದ್ದು ಡಿಸೆಂಬರ್ 17ರಂದು, ನಾಲ್ಕು ತಿಂಗಳ ಮೇಲೆ.

ದುರ್ದೈವವೆಂದರೆ ಆ ನಿಜದ ಜೊತೆಗೆ ಹೆಣಗಳಿಂದ ಸಾಬೂನು ಮಾಡುತ್ತಾರೆಂಬ ವದಂತಿಯೂ ಬೆರೆತು ಬಂತು. ಕೇಳಿದವರಿಗೆ 1917 ನೆನಪಾಯಿತು. 1943ರ ಆಗಸ್ಟಿನಲ್ಲಿ ಪೋಲೆಂಡಿನ ಕ್ರೌರ್ಯಗಳನ್ನು ಕುರಿತ ಹೇಳಿಕೆಯೊಂದು ಸಿದ್ಧವಾಗುತ್ತಿದ್ದಾಗ, ಬ್ರಿಟಿಷ್ ಗುಪ್ತಚರ ಸಮಿತಿಯ ಅಧ್ಯಕ್ಷ ವಿಕ್ಟರ್ ಕ್ಯಾವೆಂಡಿಷ್-ಬೆಂಟಿಂಕ್, ವಿಷಾನಿಲ ಕೋಣೆಗಳ ಮಾತು ತನಗೆ ಹಿಂದಿನ ಯುದ್ಧದ ಹೆಣದ ಕೊಬ್ಬಿನ ಸುಳ್ಳು ಕಥೆಯನ್ನು ನೆನಪಿಗೆ ತರುತ್ತದೆ ಎಂದು ಟಿಪ್ಪಣಿ ಬರೆದ. ವಿಷಾನಿಲ ಕೋಣೆಗಳ ಉಲ್ಲೇಖವನ್ನು ಸಾಕ್ಷ್ಯ ಸಾಲದೆಂದು ಹೇಳಿಕೆಯಿಂದ ತೆಗೆದುಹಾಕಿದರು. ಆ ದಿನಗಳಲ್ಲಿ ಆ ಕೋಣೆಗಳು ನಡೆಯುತ್ತಲೇ ಇದ್ದವು. 1944ರಲ್ಲಿ ರಷ್ಯನ್ ಸೈನ್ಯ ಮೈದಾನೆಕ್ ಶಿಬಿರವನ್ನು ವಶಪಡಿಸಿಕೊಂಡಾಗ ಅಲೆಕ್ಸಾಂಡರ್ ವರ್ತ್ ಎಂಬ ಪತ್ರಕರ್ತ ಕಣ್ಣಾರೆ ಕಂಡು ಬಿಬಿಸಿಗೆ ವರದಿ ಕಳಿಸಿದ. ರಷ್ಯನರ ಪ್ರಚಾರದ ತಂತ್ರವಿರಬೇಕೆಂದು ಬಿಬಿಸಿ ಅದನ್ನು ಬಳಸಲಿಲ್ಲವೆಂದು ಆತ ಬರೆದಿದ್ದಾನೆ. ನಾವು ಬಾಲ್ಯದಲ್ಲಿ ಓದಿದ 'ತೋಳ ಬಂತು ತೋಳ' ಕಥೆಯಲ್ಲಿ ಸುಳ್ಳು ಹೇಳಿದ ಹುಡುಗನ ಕುರಿಗಳೇ ಹೋದವು. ಇಲ್ಲಿ ಸುಳ್ಳು ಹೇಳಿದವರು ಒಬ್ಬರು, ಪ್ರಾಣ ಕಳೆದುಕೊಂಡವರು ಇನ್ನೊಬ್ಬರು.

ಇಲ್ಲಿ ಎರಡು ಎಚ್ಚರಿಕೆಯ ಮಾತು ಹೇಳಬೇಕು. ಸುದ್ದಿಯನ್ನು ಕೂಡಲೇ ನಂಬಿದ್ದರೆ ಅಷ್ಟು ಜನ ಉಳಿಯುತ್ತಿದ್ದರೆಂದು ಯಾರೂ ಖಚಿತವಾಗಿ ಹೇಳಲಾರರು. ಅಪನಂಬಿಕೆಗೆ ಯಹೂದ್ಯ ದ್ವೇಷ, ಯುದ್ಧದ ಇತರ ಒತ್ತಡಗಳು, ಕಲ್ಪನೆಗೇ ನಿಲುಕದ ಆ ಅಪರಾಧದ ಗಾತ್ರ, ಇವೂ ಕಾರಣ. ಎರಡನೆಯದಾಗಿ, ದೊಡ್ಡ ಪ್ರಮಾಣದ ಸಾಬೂನು ತಯಾರಿಕೆಗೆ ಆಧಾರವಿಲ್ಲವೆಂದು ಚರಿತ್ರೆಕಾರರು ಹೇಳಿರುವುದನ್ನೇ ಹಿಡಿದುಕೊಂಡು, ಕೊಲೆಯೇ ನಡೆದಿಲ್ಲವೆಂದು ವಾದಿಸುವವರು ಇದ್ದಾರೆ. ಸುಮಾರು 60 ಲಕ್ಷ ಯಹೂದ್ಯರ ಕೊಲೆ ದಾಖಲೆ, ಸಾಕ್ಷಿ, ತಪ್ಪಿತಸ್ಥರ ಸ್ವಂತ ಹೇಳಿಕೆ, ಎಲ್ಲದರಿಂದಲೂ ಸ್ಥಿರಪಟ್ಟ ಸತ್ಯ. ಒಂದು ಉತ್ಪ್ರೇಕ್ಷೆ ಇಂದಿಗೂ ಯಾರ ಕೈಗೆ ಆಯುಧವಾಗಿ ಸಿಗುತ್ತದೆ ನೋಡಿ.

ನಮಗೆ ಇದರಿಂದ ಏನು?

1917ರಲ್ಲಿ ಸುಳ್ಳು ಸುದ್ದಿ ಹರಡಲು ಅಚ್ಚುಕೂಟ, ತಂತಿ, ಹಡಗು ಬೇಕಾಗಿದ್ದವು. ಇಂದು ಒಂದು ಫೋನು ಸಾಕು, ಯಜಮಾನ ನಾರ್ತ್‌ಕ್ಲಿಫ್ ಆಗಬೇಕಾಗಿಲ್ಲ. ಆದರೆ ಸುಳ್ಳಿನ ರಚನೆ ಬದಲಾಗಿಲ್ಲ. ಅಡಿಬರಹ ಬದಲಾದ ಚಿತ್ರ, ಕಂಡವನ ಹೆಸರಿಲ್ಲದ ವಿವರ, ಕೂಡಿ ನೋಡದ ಅಂಕಿ, ಬೇರೆ ಭಾಷೆಯಿಂದ ಎತ್ತಿ ತಂದ ಒಂದು ಪದ, ಇವನ್ನು ನಾವು ವಾರಕ್ಕೊಮ್ಮೆಯಾದರೂ ಕಾಣುತ್ತೇವೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ನಮ್ಮ ಹಿರಿಯರು ಪ್ರಯೋಗಶಾಲೆಯ ನಿಯಮವನ್ನೇ ಹೇಳಿದ್ದಾರೆ.

ನಮ್ಮಂಥವರ ಮೇಲೆ ಇನ್ನೂ ಒಂದು ಹೊಣೆಯಿದೆ. ಲೈಡನ್ನಿನ ಆ ಬೆಲ್ಜಿಯನ್ ಪತ್ರಿಕೆ ಎರಡು ಭಾಷೆಗಳ ನಡುವೆ ನಿಂತಿತ್ತು; ನಾವೂ ನಿಂತಿದ್ದೇವೆ. ಜರ್ಮನಿಯಲ್ಲಿ ಹೀಗಂತೆ ಹಾಗಂತೆ ಎಂಬ ಸಂದೇಶಗಳು ಬೆಂಗಳೂರು, ಧಾರವಾಡ, ಮಂಗಳೂರುಗಳಿಂದ ನಮ್ಮ ಫೋನಿಗೆ ಬರುತ್ತವೆ. ನಿಜವೇ ಎಂದು ಅಪ್ಪ ಅಮ್ಮ, ಅಣ್ಣ ಅತ್ತಿಗೆಯರು ಕೇಳುತ್ತಾರೆ. ಕರ್ನಾಟಕದ ಸುದ್ದಿಯನ್ನು ಕುರಿತು ಇಲ್ಲಿಯ ಸಹೋದ್ಯೋಗಿಗಳೂ ಹಾಗೆಯೇ ಕೇಳುತ್ತಾರೆ. ಎರಡೂ ಕಡೆಯ ಪತ್ರಿಕೆಯನ್ನು ಮೂಲದಲ್ಲಿ ಓದಬಲ್ಲವರು ನಾವೇ. ಹತ್ತು ನಿಮಿಷ ಕೊಟ್ಟು ಮೂಲವನ್ನು ಹುಡುಕಿ ಓದಿ, ತಿಳಿದದ್ದನ್ನು ತಿಳಿದಷ್ಟೇ ಹೇಳುವುದು ನಮಗೆ ಸಾಧ್ಯ. ಮನೆಯಲ್ಲಿ ದೊಡ್ಡ ಮಕ್ಕಳಿರುವವರು ಈ ಕಥೆಯನ್ನು ಅವರಿಗೂ ಹೇಳಿ. ಹೇಗೂ ಶಾಲೆಯಲ್ಲಿ ಅವರು ಎರಡನೆಯ ಮಹಾಯುದ್ಧದ ಪಾಠ ಓದುತ್ತಾರೆ. 'ಕಡಾವರ್' ಎಂಬ ಪದದ ಅರ್ಥವನ್ನು ನಮಗಿಂತ ಚೆನ್ನಾಗಿ ಅವರೇ ವಿವರಿಸಿಯಾರು.